ಹೆಪ್ಪುನೆಲದ ಸಿಳ್ಳೆ

ನೆಲದೊಳಗಿನ ನೀರು ಸಿಳ್ಳೆ ಹೊಡೆಯುತ್ತದೆ ಎಂದರೆ ನಮ್ಮ ಇಂಡಿ ತಾಲೂಕಿನ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಊಟ ಆಗಿದೆಯೋ ಇಲ್ಲವೋ ಎಂದು ಕೇಳುತ್ತಾರೆ. ಅವರದೇನೂ ತಪ್ಪಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ತಿರುಗಿ ನೀರು ತೋರಿಸುವವರನ್ನು ನಂಬಿದವರಿಗೆ, ಹೆಗಲಿಗೆ ತಂತಿ ಸುತ್ತಿಕೊಂಡು ಬಂದವನು ಅರೆಹುಚ್ಚನಂತೆ ಕಾಣುವುದು ಸಹಜ. ಆದರೆ ಮಾತು ನಿಜ. ನೀರು ಸಿಳ್ಳೆ ಹೊಡೆಯುತ್ತದೆ, ಕೇಳುವ ಉಪಾಯ ಗೊತ್ತಿರಬೇಕು.

ನೀರಿನ ಪ್ರತಿ ಹನಿಯಲ್ಲೂ ಲೆಕ್ಕಕ್ಕೆ ಸಿಗದಷ್ಟು ಪುಟ್ಟ ಸೂಜಿಗಲ್ಲುಗಳಿವೆ. ಅವು ಭೂಮಿಯ ಕಾಂತದ ಕಡೆ ಮುಖ ಮಾಡಿ ಸುಮ್ಮನೆ ನಿಂತಿರುತ್ತವೆ. ನೆಲದ ಮೇಲೆ ತಂತಿಯ ಸುತ್ತು ಹಾಸಿ, ವಿದ್ಯುತ್ ಹರಿಸಿ ಅವನ್ನು ಪಕ್ಕಕ್ಕೆ ತಳ್ಳಬೇಕು. ಥಟ್ಟನೆ ವಿದ್ಯುತ್ ನಿಲ್ಲಿಸಿದರೆ ಅವು ಬುಗುರಿಯ ಹಾಗೆ ಓಲಾಡುತ್ತ ತಮ್ಮ ಜಾಗಕ್ಕೆ ಮರಳುತ್ತವೆ. ಆ ಓಲಾಟವೇ ತಂತಿಯಲ್ಲಿ ಸಿಳ್ಳೆಯಾಗಿ ಕೇಳಿಸುತ್ತದೆ. ನೀರು ಹೆಪ್ಪುಗಟ್ಟಿದ್ದರೆ ಸೂಜಿಗಲ್ಲುಗಳಿಗೆ ಕೈಕಾಲು ಕಟ್ಟಿದಂತೆ. ಸದ್ದು ಏಳುವ ಮೊದಲೇ ಸಾಯುತ್ತದೆ. ಮಂಜುಗಡ್ಡೆ ಮೂಕ, ಹರಿಯುವ ನೀರಿಗೆ ಬಾಯಿ ಇದೆ. ಈ ಉಪಕರಣಕ್ಕೆ ನಮ್ಮ ಸಂಸ್ಥೆ ಇಟ್ಟ ಹೆಸರು ಮೈಲುದ್ದ ಇತ್ತು. ನಾವೆಲ್ಲ ‘ಕಿವಿ’ ಎನ್ನುತ್ತಿದ್ದೆವು.

ಕಿವಿಯನ್ನು ಹೊತ್ತುಕೊಂಡು ನಾನು ಹೋದದ್ದು ಲಡಾಖಿನ ಚಾಂಗ್‌ಥಾಂಗ್ ಬಯಲಿನ ತುದಿಯಲ್ಲಿದ್ದ ಸುಮ್‌ಲುಂಗ್ ಎಂಬ ಊರಿಗೆ. ಅಲ್ಲಿ ನೆಲವೇ ವರ್ಷಪೂರ್ತಿ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೊಳ ಮೆತ್ತಗಾಗುತ್ತದೆ, ಅಷ್ಟೆ. ಅದರ ಕೆಳಗೆ ಕಲ್ಲಿನಂಥ ಹೆಪ್ಪು, ಹೆಪ್ಪಿನ ಕೆಳಗೆ ಭೂಮಿಯ ಕಾವಿಗೆ ಕರಗಿಯೇ ಇರುವ ನೀರು. ಮುಚ್ಚಿದ ಪಾತ್ರೆಯೊಳಗಿನ ಆವಿಯಂತೆ ಅದು ಮೇಲಕ್ಕೆ ಒತ್ತುತ್ತಿರುತ್ತದೆ, ದಾರಿ ಇರುವುದಿಲ್ಲ. ಮುಚ್ಚಳ ಎಲ್ಲಿ ತೆಳ್ಳಗಿದೆ ಎಂದು ಕಂಡುಹಿಡಿಯುವುದು ನನ್ನ ಕೆಲಸ.

ಯಾಕೆ ಅಷ್ಟು ಅವಸರ ಎಂದರೆ, ಆ ಕಾಲಕ್ಕೆ ಸುಮ್‌ಲುಂಗಿನ ಮೇಲಿನ ಹಿಮನದಿ ಕರಗಿ ಮುಗಿದಿತ್ತು. ಅದನ್ನು ನಂಬಿದ್ದ ತೊರೆಯೂ ಹೋಗಿತ್ತು. ಟ್ಯಾಂಕರ್ ವಾರಕ್ಕೊಮ್ಮೆ ಏದುಸಿರು ಬಿಡುತ್ತ ಹತ್ತಿ ಬರುತ್ತಿತ್ತು. ಸ್ವಂತ ನೀರಿಲ್ಲದ ಮೇಲಿನೂರುಗಳನ್ನು ಚಳಿಗಾಲಕ್ಕೆ ಮುಂಚೆ ಕೆಳಗಿಳಿಸಬೇಕೆಂದು ಸರಕಾರದ ಹೊಸ ನಿಯಮ ಬಂದಿತ್ತು. ಇಳಿದವರು ಸೇರುವುದು ಕ್ಯಾಂಪಿಗೆ. ಕ್ಯಾಂಪುಗಳಿಗೆ ಹೆಸರಿರಲಿಲ್ಲ, ನಂಬರು ಇದ್ದವು. ಸುಮ್‌ಲುಂಗಿಗೆ ಏಳನೆಯ ನಂಬರು ಗೊತ್ತುಮಾಡಿದ್ದರು.

ನನ್ನ ಸಹಾಯಕಿ ಯಾಂಗ್ಚೆನ್. ಟಿಬೆಟನ್ ಹುಡುಗಿ, ಹುಟ್ಟಿ ಬೆಳೆದದ್ದು ನಮ್ಮ ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ, ಓದಿದ್ದು ಹುಬ್ಬಳ್ಳಿಯಲ್ಲಿ. ಸುಮ್‌ಲುಂಗಿನ ರಿಗ್ಜಿನ್ ಎಂಬ ಕುರಿಗಾರನನ್ನು ಮೆಚ್ಚಿ ಮದುವೆಯಾಗಿ ಅಲ್ಲಿ ನೆಲೆಸಿದ್ದಳು. ಉಸಿರೆಳೆಯುವುದೇ ಕಷ್ಟವಾದ ಆ ಎತ್ತರದಲ್ಲಿ ಮೊದಲ ದಿನ ಅವಳು “ಯಾಕ್ರೀ ಸರ, ಮಾರಿ ಸಣ್ಣದಾಗೈತಿ, ಚಾ ಕುಡೀತೀರೇನು?” ಎಂದಾಗ ನನಗೆ ಕಣ್ಣು ತುಂಬಿತು. ಗಾಳಿಗೆ ಹಾಗಾಯಿತು ಎಂದು ಹೇಳಿದೆ. ಅವಳು ನಂಬಲಿಲ್ಲ.

ಆಗ ಅವಳು ತುಂಬು ಬಸುರಿ. ಚೊಚ್ಚಲ ಹೆರಿಗೆ, ತವರಿಗೆ ಹೋಗಬಾರದೇ ಎಂದು ಕೇಳಿದೆ. ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನ್ ತೆಗೆದಿಟ್ಟು ಹೇಳಿದಳು:

“ನಮ್ಮಪ್ಪ ಹುಟ್ಟಿದ್ದು ಕ್ಯಾಂಪಿನ್ಯಾಗ ಸರ. ನಾ ಹುಟ್ಟಿದ್ದೂ ಕ್ಯಾಂಪಿನ್ಯಾಗ. ಸಾಲ್ಯಾಗ ಎಲ್ಲಾರೂ ‘ನಮ್ಮೂರು, ನಮ್ಮೂರು’ ಅಂತಿದ್ರು. ನಾ ‘ಕ್ಯಾಂಪ್ ನಂಬರ್ ಆರು’ ಅಂತಿದ್ದೆ. ಜನಾ ಭಾಳ ಚೊಲೋ ಇದ್ರು, ಆ ಮಾತಿಲ್ಲ. ಆದ್ರ ನನ್ನ ಕೂಸರ ಒಂದು ಊರಾಗ ಹುಟ್ಟಲಿ. ಹುಟ್ಟಿದ ಊರಾಗ ಬೆಳೀಲಿ.”

ಬೇಸಿಗೆಯುದ್ದಕ್ಕೂ ನಾವಿಬ್ಬರೂ ಕಣಿವೆಯ ಮೂಲೆ ಮೂಲೆಗೆ ತಂತಿ ಹಾಸಿ ಕೇಳಿದ್ದೆವು. ಕಣಿವೆ ಬಾಯಿ ಬಿಟ್ಟಿರಲಿಲ್ಲ.

ಮಗಳು ತವರಿಗೆ ಬರದಿದ್ದರೆ ತವರೇ ಮಗಳ ಹತ್ತಿರ ಬರಬೇಕಾಗುತ್ತದೆ. ಶ್ರಾವಣ ಮುಗಿಯುವ ಹೊತ್ತಿಗೆ ಟ್ಯಾಂಕರಿನ ಮುಂದಿನ ಸೀಟಿನಿಂದ ಫಕೀರವ್ವ ಇಳಿದಳು. ಮುಂಡಗೋಡದಲ್ಲಿ ಯಾಂಗ್ಚೆನ್ ಮನೆಯ ಗೋವಿನಜೋಳದ ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದ ಹೆಂಗಸು. ಯಾಂಗ್ಚೆನ್‌ಳ ತಾಯಿ ಬೇಗ ತೀರಿಕೊಂಡಾಗ ಹುಡುಗಿಯನ್ನು ಸೆರಗಿನಲ್ಲಿ ಕಟ್ಟಿಕೊಂಡವರ ಹಾಗೆ ಸಾಕಿದ್ದಳು. ಎತ್ತರದ ಗಾಳಿಗೆ ಮೈ ಒಗ್ಗಲೆಂದು ಲೇಹ್ ಪಟ್ಟಣದಲ್ಲಿ ವೈದ್ಯರು ಹೇಳಿದಷ್ಟು ದಿನ ಮಲಗೆದ್ದು, ಇಳಕಲ್ ಸೀರೆಯ ಮೇಲೆ ಗಂಡಸರ ಜರ್ಕಿನ್ ತೊಟ್ಟು, ಎರಡು ಚೀಲ ಹೊತ್ತು ಬಂದಿದ್ದಳು. ಚೀಲದಲ್ಲಿ ಬಾಣಂತಿಗೆ ಬೇಕಾದ ಅಂಟಿನ ಉಂಡಿ, ಕೊಬ್ಬರಿ, ಉತ್ತತ್ತಿ, ಒಣಶುಂಠಿ, ಅಳ್ವಿ, ಲೋಬಾನ.

ಸುತ್ತ ಒಮ್ಮೆ ನೋಡಿದಳು. ಗಿಡವಿಲ್ಲ, ಮರವಿಲ್ಲ, ಬರೀ ಬೋಳುಗುಡ್ಡ.

“ಇದಕ್ಕ ಊರಂತಾರೇನ್ರೀ ಸಾಹೇಬ್ರ?”

“ಸದ್ಯಕ್ಕ ಅಂತಾರ” ಎಂದೆ.

ಮನೆಯ ಹಿಂದೆ ಒಟ್ಟಿದ್ದ ಯಾಕ್ ಸಗಣಿಯ ಕುಳ್ಳು ಕಂಡಾಗ ಮಾತ್ರ ಅವಳ ಮುಖ ಅರಳಿತು. “ಕುಳ್ಳರ ಅದಾವಲ್ಲ. ಸಾಕು ಬಿಡ್ರಿ, ಬಾಣಂತನಾ ಮಾಡ್ತೀನಿ.”

ಹೆಣ್ಣು ಕೂಸು ಹುಟ್ಟಿತು. ಪಕ್ಕದ ಊರಿನ ನರ್ಸಮ್ಮ ಬಂದು ಸುಸೂತ್ರ ಮಾಡಿಸಿದಳು. ಅವಳು ಅತ್ತ ಹೋದದ್ದೇ ತಡ, ಫಕೀರವ್ವ ಆ ಮನೆಯ ಹಿಂದಿನ ಕೋಣೆಯನ್ನು ವಶಪಡಿಸಿಕೊಂಡಳು. ಮಾಡಿನ ಬೆಳಕಿಂಡಿಯೊಂದನ್ನು ಬಿಟ್ಟು ಎಲ್ಲ ಸಂದಿಗೂ ಬಟ್ಟೆ ತುರುಕಿದಳು. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ರುಮಾಲು. ಬಾಗಿಲಿಗೆ ದಪ್ಪ ಕಂಬಳಿ. ಗಂಡಸರಿಗೆ ಪ್ರವೇಶವಿಲ್ಲ. ರಿಗ್ಜಿನ್ ಹೊಸ್ತಿಲ ಮೇಲೆ ಕೂತು ಮಗಳ ಅಳು ಕೇಳುತ್ತಿದ್ದ. ನಾನು ಹೋದರೆ ಅವನ ಪಕ್ಕ ನನಗೂ ಜಾಗ ಬಿಡುತ್ತಿದ್ದ. ಅವನಿಗೆ ಕನ್ನಡ ಬಾರದು, ನನಗೆ ಲಡಾಖಿ ಬಾರದು. ಕೂಸು ಅತ್ತಾಗ ಇಬ್ಬರೂ ನಗುತ್ತಿದ್ದೆವು.

ತೊಂದರೆ ಬಂದದ್ದು ಎರೆಯುವ ನೀರಿನದು. ಬಾಣಂತಿಗೆ ದಿನಾ ಎಣ್ಣೆ ಹಚ್ಚಿ, ಕೊಡಗಟ್ಟಲೆ ಸುಡುನೀರು ಹೊಯ್ಯಬೇಕು. ಫಕೀರವ್ವನ ಶಾಸ್ತ್ರದಲ್ಲಿ ಅದಕ್ಕೆ ರಿಯಾಯಿತಿ ಇಲ್ಲ. ಕುಡಿಯುವುದಕ್ಕೇ ಅಳೆದು ಕೊಡುವ ಊರಿನಲ್ಲಿ ಸುಡುನೀರಿನ ಸ್ನಾನ ಎಂದರೆ ಏನು ಹೇಳುವುದು? ಆದರೂ ಊರವರು ಒಂದು ಮಾತು ಆಡಲಿಲ್ಲ. ಬೆಳಿಗ್ಗೆ ಒಬ್ಬೊಬ್ಬರಾಗಿ ಬಂದು ತಮ್ಮ ಪಾಲಿನಿಂದ ಒಂದೊಂದು ಚೊಂಬು ಹೊಸ್ತಿಲ ಬಳಿಯ ಹಂಡೆಗೆ ಸುರಿದು ಹೋಗುತ್ತಿದ್ದರು. ಆ ಊರಲ್ಲಿ ಬಹಳ ದಿನಕ್ಕೆ ಹುಟ್ಟಿದ ಕೂಸು ಅದು. ನಾನು ಆ ಹಂಡೆಯತ್ತ ನೋಡದೆ ದಾಟಿ ಹೋಗುತ್ತಿದ್ದೆ. ಇಷ್ಟು ಒಳ್ಳೆಯ ಜನಕ್ಕೆ ಒಂದು ಸೆಲೆ ಹುಡುಕಿಕೊಡಲಾರದವನು ನಾನು.

ಕಣಿವೆ ಮುಗಿದಿತ್ತು. ಕೇಳದೆ ಉಳಿದಿದ್ದ ಜಾಗವೆಂದರೆ ಊರೇ. ಮನೆಗಳ ಸೌರ ವಿದ್ಯುತ್ತಿನ ತಂತಿಗಳು ಗುಂಯ್‌ಗುಡುವುದರಿಂದ ಅಲ್ಲಿ ಕಿವಿ ಇಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತು ಎಲ್ಲ ದೀಪ, ಎಲ್ಲ ಬ್ಯಾಟರಿ ಪೆಟ್ಟಿಗೆ ಬಂದ್ ಮಾಡಲು ಜನ ಒಪ್ಪಿದರು. ಮನೆ ಗುಂಪುಗಳ ಸುತ್ತ ಸಣ್ಣ ಸಣ್ಣ ಸುತ್ತು ಹಾಸಿದೆ. ಊರ ಹೊರಗಿನ ನನ್ನ ತಗಡಿನ ಕೋಣೆಯಲ್ಲಿ ಒಬ್ಬನೇ ಕೂತು ಕೇಳಿದೆ.

ಒಂದು ಸುತ್ತಿನಿಂದ ಸಿಳ್ಳೆ ಬಂತು. ಸೊಳ್ಳೆ ಹಾಡಿದಷ್ಟು ಸಣ್ಣ. ಯಾಂಗ್ಚೆನ್ ಮನೆಯ ಸುತ್ತಿನ ತಂತಿ ಅದು.

ನಾನು ನಂಬಲಿಲ್ಲ. ಬೇಕಾದದ್ದೇ ಕೇಳಿಸಿದರೆ ಮೊದಲು ನಿನ್ನ ಕಿವಿ ತೊಳೆದುಕೋ ಎಂದು ನನ್ನ ಗುರುಗಳು ಕಲಿಸಿದ್ದರು. ತಂತಿ ಬದಲಿಸಿದೆ. ಬ್ಯಾಟರಿ ಬದಲಿಸಿದೆ. ಸಂಸ್ಥೆಗೆ ಫೋನ್ ಮಾಡಿದರೆ, “ಉಪಕರಣಕ್ಕೆ ಥಂಡಿ ಆಗಿರಬೇಕು” ಎಂದು ನಕ್ಕರು. ಮರುದಿನ ಕೇಳಿದೆ, ಸಿಳ್ಳೆ ಹೆಚ್ಚು ಹೊತ್ತು ನಿಂತಿತು. ಅದರ ಮರುದಿನ ಇನ್ನೂ ಹೆಚ್ಚು. ಅಷ್ಟೇ ಅಲ್ಲ, ಆಳ ಕಡಿಮೆಯಾಗುತ್ತ ಬಂದಿತ್ತು. ನೀರು ದಿನದಿನಕ್ಕೆ ಮೇಲೇರುತ್ತಿತ್ತು.

ಹೆಪ್ಪಿನೊಳಗೆ ನೀರು ತಾನಾಗಿ ಏರುವುದಿಲ್ಲ. ಮೇಲಿನಿಂದ ಯಾರೋ ಮುಚ್ಚಳ ಕರಗಿಸುತ್ತಿರಬೇಕು. ಚಳಿ ಶುರುವಾಗಿ ಊರಿನ ನೆಲವೆಲ್ಲ ಗಟ್ಟಿಯಾಗುತ್ತಿದ್ದ ಹೊತ್ತಿನಲ್ಲಿ ಅದು ಯಾರು? ಕೋಟು ಹಾಕಿಕೊಂಡು ನೇರ ಆ ಮನೆಗೆ ಹೋದೆ. ಕಂಬಳಿಯ ಈಚೆ ನಿಂತು ಕೂಗಿದೆ.

“ಫಕೀರವ್ವಾ, ಒಳಗ ಏನ್ ಮಾಡಾಕತ್ತೀ?”

“ಬಾಣಂತನಾ ಮಾಡಾಕತ್ತೀನ್ರೀ. ಮತ್ತೇನ್ ಮಾಡ್ಲಿ?”

“ಹಂಗಲ್ಲವಾ. ನೆಲಕ್ಕ ಏನ್ ಮಾಡೀ?”

“ನೆಲಕ್ಕೇನ್ ಮಾಡ್ಲಿ? ಹೊರಸಿನ ಕೆಳಗ ಕುಣಿ ತೋಡಿ ಕೆಂಡಾ ಹಾಕೀನಿ, ಬೆನ್ನಿಗೆ ಕಾವು ಹತ್ತಬೇಕಲ್ಲ. ಮೂಲ್ಯಾಗ ಇನ್ನೊಂದು ಕುಣಿ ತೋಡೀನಿ, ಎರಕೊಳ್ಳಾಕ.”

“ಎರಕೊಂಡ ನೀರು ಎಲ್ಲಿಗೆ ಹೋಗತಾವ?”

“ನೆಲಾ ಕುಡೀತೈತ್ರೀ. ಮೊದಲ್ ಮೊದಲ್ ನಿಂದರತಿದ್ವು, ಬಳದು ಬಳದು ಸಾಕಾಗಿತ್ತು. ಈಗ ಎಷ್ಟ್ ಹಾಕಿದ್ರೂ ಗಟಗಟ ಕುಡೀತೈತಿ.”

ನಾನು ರಿಗ್ಜಿನ್ ಪಕ್ಕ ಹೊಸ್ತಿಲ ಮೇಲೆ ಕೂತುಬಿಟ್ಟೆ.

ಹೆಪ್ಪುನೆಲದ ಮೇಲೆ ಬದುಕುವವರು ತಲೆತಲಾಂತರದಿಂದ ಒಂದು ಎಚ್ಚರ ಪಾಲಿಸುತ್ತಾರೆ. ಒಲೆಯನ್ನು ಕಲ್ಲಿನ ಕಟ್ಟೆಯ ಮೇಲೆ ಎತ್ತರದಲ್ಲಿ ಕಟ್ಟುತ್ತಾರೆ, ಬಿಸಿನೀರನ್ನು ಹೊರಗೆ ಚೆಲ್ಲುತ್ತಾರೆ. ನೆಲಕ್ಕೆ ಕಾವು ತಾಗಿಸುವುದಿಲ್ಲ. ತಾಗಿಸಿದರೆ ಮನೆ ಕುಸಿಯುತ್ತದೆ. ನೆಲದಲ್ಲಿ ಕುಣಿ ತೋಡಿ ಹಗಲಿಡೀ ಕೆಂಡ ಹಾಕಿ, ಅದರ ಪಕ್ಕದಲ್ಲೇ ದಿನವೂ ಹಂಡೆಗಟ್ಟಲೆ ಸುಡುನೀರು ಇಂಗಿಸುವ ಕೆಲಸವನ್ನು ಮುಂಡಗೋಡದಿಂದ ಬಂದ ಬಾಣಂತನದವಳು ಮಾತ್ರ ಮಾಡಬಲ್ಲಳು. ಹೆಪ್ಪು ಕರಗಿಸುವುದರಲ್ಲಿ ಬಿಸಿನೀರು ಬೆಂಕಿಯ ಅಪ್ಪ. ಆ ಮನೆಯ ಕೆಳಗೆ ಬಂಡೆಯಲ್ಲೊಂದು ಬಿರುಕು ಇತ್ತು, ಆಳದ ನೀರು ಅಲ್ಲಿಯವರೆಗೆ ಬಂದು ತೆಳ್ಳನೆಯ ಮುಚ್ಚಳದ ಕೆಳಗೆ ಕಾದು ನಿಂತಿತ್ತು. ಫಕೀರವ್ವ ತಿಳಿಯದೆ ಅದಕ್ಕೆ ದಾರಿ ಕೊರೆಯುತ್ತಿದ್ದಳು. ಸುತ್ತಲ ನೆಲ ಬಿಗಿಯುತ್ತಿದ್ದಂತೆ ಇಡೀ ಒತ್ತಡ ಆ ಒಂದು ಮೆತ್ತನೆಯ ಜಾಗಕ್ಕೆ ನುಗ್ಗುತ್ತಿತ್ತು. ಆ ಜಾಗದ ಮೇಲೆ ಹೊರಸು. ಹೊರಸಿನ ಮೇಲೆ ತಾಯಿ ಮತ್ತು ಕೂಸು.

“ಈಗಿಂದೀಗ ಹೊರಗ ಬರ್ರಿ” ಎಂದೆ.

“ಬಾಣಂತೀನ ಹೊರಗ ಕರೀತೀರೇನ್ರೀ? ಗಾಳಿ ಬಡದ್ರ ಯಾರು ನೋಡಾವ್ರು?”

ಆಗ ಎಲ್ಲವನ್ನೂ ಬಿಡಿಸಿ ಹೇಳಿದೆ. ಆಮೇಲೆ ಫಕೀರವ್ವ ತಾನೇ ಕಂಬಳಿ ಸರಿಸಿದಳು.

“ಕೂಸಿನ ಹಾಸಗಿ ಕೆಳಗ ನಾನಽ ಹೊಂಡಾ ತೋಡಿದ್ನೇನ್ರೀ?”

ಹಿಂದಿನಿಂದ ಯಾಂಗ್ಚೆನ್ ಬಂದು ಅವಳ ಭುಜದ ಮೇಲೆ ಗಲ್ಲ ಊರಿದಳು. “ಯವ್ವಾ, ನೀ ಸುಮ್ನಿರು. ನನಗ ಬೆಚ್ಚಗಾಗ್ಲಿ ಅಂತ ಮಾಡೀದಿ.” ಆಮೇಲೆ ನನ್ನ ಕಡೆ ಕೈ ಚಾಚಿದಳು. “ಸರ, ನಾನೂ ಕೇಳ್ತೀನಿ.”

ಪಕ್ಕದಲ್ಲೇ ರಿಗ್ಜಿನ್‌ನ ಸೋದರತ್ತೆಯ ಮನೆ. ತಾಯಿ, ಕೂಸು, ಉಂಡಿ, ಲೋಬಾನ ಎಲ್ಲ ಕಂಬಳಿಯ ಮರೆಯಲ್ಲಿ ಅಲ್ಲಿಗೆ ಸಾಗಿದವು. ಉಪಕರಣವನ್ನು ಅಲ್ಲಿಗೇ ತಂದೆ. ಯಾಂಗ್ಚೆನ್ ಕಿವಿಯ ಹತ್ತಿ ತೆಗೆದು, ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದಳು. ಅವಳಷ್ಟು ಚೆನ್ನಾಗಿ ಕೇಳುವವರು ನಮ್ಮಲ್ಲಿ ಇರಲಿಲ್ಲ. ಸಿಳ್ಳೆ ಎದ್ದು, ನಿಂತು, ನಿಧಾನಕ್ಕೆ ಇಳಿಯುವುದು ಅವಳ ಮುಖದಲ್ಲೇ ಕಾಣುತ್ತಿತ್ತು.

“ಇದು ಕರೆಂಟ್ ತಂತಿ ಸದ್ದಲ್ಲ ಸರ. ಇದು ನೀರು. ಭಾಳ ನೀರು.” ಕಣ್ಣು ತೆರೆದು ಕೇಳಿದಳು, “ಈಗ ತಡದ್ರ ನಿಂದರತೈತೇನು?”

“ಕೆಂಡ ತಗದ್ರ ವಾರದಾಗ ಮತ್ತ ಹೆಪ್ಪುಗಟ್ಟತೈತಿ. ಮನಿ ಉಳೀತೈತಿ.”

“ತಗೀದಿದ್ರ?”

“ನೀರು ಬರತೈತಿ. ಮನಿ ಹೋಗತೈತಿ.”

“ಬ್ಯಾರೇ ಕಡೆ ಕೊರದ್ರ?”

“ಕೊರಿಯೂ ಯಂತ್ರ ಬರೂದು ಮುಂದಿನ ಬ್ಯಾಸಿಗಿಗೆ. ಊರು ಇಳಸೂ ಅಧಿಕಾರಿ ಬರೂದು ಮುಂದಿನ ವಾರ.”

ಇನ್ನೊಂದು ಮಾತನ್ನೂ ಹೇಳಲೇಬೇಕಿತ್ತು. ಕಿವಿಗೆ ನೀರಿನ ಸದ್ದು ತಿಳಿಯುತ್ತದೆ, ರುಚಿ ತಿಳಿಯುವುದಿಲ್ಲ. ಚಾಂಗ್‌ಥಾಂಗಿನ ಎಷ್ಟೋ ಕೆರೆಗಳು ಉಪ್ಪು. ಮನೆ ಕೆಡವಿಸಿಕೊಂಡ ಮೇಲೆ ಬರುವುದು ಸವಳು ನೀರಾಗಿದ್ದರೆ ಎರಡೂ ಹೋದಂತೆ. ಅದನ್ನೂ ಹೇಳಿದೆ. ಹೇಳುವಾಗ ನನ್ನ ಮೇಲೇ ನನಗೆ ಸಿಟ್ಟು ಬಂತು.

ಅವಳು ರಿಗ್ಜಿನ್‌ಗೆ ಅವರ ಭಾಷೆಯಲ್ಲಿ ಎಲ್ಲ ಹೇಳಿದಳು. ಅವನ ಅಜ್ಜ ಕಟ್ಟಿದ ಮನೆ ಅದು. ಅವನು ಕೂಸಿನ ಪಾದವನ್ನು ಬೆರಳಲ್ಲಿ ಹಿಡಿದುಕೊಂಡು ಕೇಳಿದ. ಥಟ್ಟನೆ ಎದ್ದು ಹೋದ. ಸಿಟ್ಟಾದನೇನೋ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ದೇವರ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಬಂದು ಅತ್ತೆಯ ಮನೆಯ ಗೂಡಿನಲ್ಲಿಟ್ಟ. ಆಮೇಲೆ ಪಾತ್ರೆ, ಜಮಖಾನೆ, ಕಂಬಳಿ ತರಲು ತಿರುಗಿ ಹೋದ.

ಯಾಂಗ್ಚೆನ್ ನನ್ನತ್ತ ನೋಡಿದಳು. “ಮನಿ ಇನ್ನೊಂದು ಕಟ್ಕೋತೀವಿ ಸರ. ಊರು ಎಲ್ಲಿಂದ ತರೂದು?”

ಫಕೀರವ್ವ ಕಣ್ಣೊರೆಸಿಕೊಂಡು ಸೊಂಟಕ್ಕೆ ಸೆರಗು ಸಿಗಿಸಿದಳು. “ಹಂಗಾದ್ರ ಕೆಂಡಾ ಆರಬಾರದು. ಯಾರ್ ಯಾರ ಮನ್ಯಾಗ ಕುಳ್ಳು ಅದಾವ, ತರಿಸ್ರಿ.”

ಚಳಿಗಾಲಕ್ಕೆಂದು ಕೂಡಿಟ್ಟ ಕುಳ್ಳನ್ನು ಇಡೀ ಊರು ತಂದು ಸುರಿಯಿತು. ನೀರು ಸಿಗದಿದ್ದರೆ ಆ ಚಳಿಗಾಲವನ್ನು ಅವರು ಹೇಗೆ ಕಳೆಯುತ್ತಿದ್ದರೋ, ಕೇಳುವ ಧೈರ್ಯ ನನಗಾಗಲಿಲ್ಲ. ಕೋಣೆಯ ಎರಡು ಕುಣಿಗಳನ್ನೂ ಒಂದು ಮಾಡಿ ಕೆಂಡ ತುಂಬಿದರು. ಉಳಿದಿದ್ದ ಟ್ಯಾಂಕರಿನ ನೀರನ್ನೂ ಕಾಯಿಸಿ ಹೊಯ್ದರು. ನಾನು ಹೊರಗೆ ಕೂತು ಸಿಳ್ಳೆ ಕೇಳುತ್ತ ಎಲ್ಲಿಯವರೆಗೆ ಬಂತು ಎಂದು ಹೇಳುತ್ತಿದ್ದೆ. ಯಾರೂ ಒಳಗೆ ನಿಲ್ಲಬಾರದೆಂದು ಹೊಸ್ತಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿದ್ದೆವು. ಉದ್ದ ಹಿಡಿಯ ಸಲಿಕೆಯಲ್ಲಿ ಕುಳ್ಳು ತಳ್ಳುವುದು, ದೂರದಿಂದ ನೀರು ಎರಚುವುದು.

ಮೂರನೆಯ ದಿನ ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ನೆಲ ಉಬ್ಬಿತು. ಮಣ್ಣಿನ ನೆಲ ಮೆಲ್ಲಗೆ ಎದ್ದು, ನಡುವೆ ಸೀಳಿತು. ಕೆಂಡ ಚೊರ್ ಎಂದು ಆರಿ ಕೋಣೆ ತುಂಬ ಬಿಳಿ ಹೊಗೆ. ಗೋಡೆಯ ಒಂದು ಮೂಲೆ ಕುಸಿಯಿತು. ಹೊಗೆಯ ಅಡಿಯಿಂದ ಬೂದಿ ಬೆರೆತ ಕಪ್ಪು ನೀರು ಹೊಸ್ತಿಲು ದಾಟಿ, ಅಂಗಳಕ್ಕಿಳಿದು, ನಮ್ಮ ಕಾಲಿನ ಸುತ್ತ ಹರಿಯಿತು.

ಯಾರೂ ಬಗ್ಗಲಿಲ್ಲ. ನೀರು ತಿಳಿಯಾಗುವವರೆಗೆ ಎಲ್ಲರೂ ನೋಡುತ್ತ ನಿಂತರು. ತಿಳಿಯಾದ ಮೇಲೂ ನಿಂತೇ ಇದ್ದರು. ಉಪ್ಪಾಗಿದ್ದರೆ ಎಂಬ ಭಯ ಎಲ್ಲರ ನಾಲಿಗೆಯನ್ನೂ ಹಿಡಿದಿತ್ತು. ನನ್ನ ಹತ್ತಿರ ಪರೀಕ್ಷೆಯ ಕಡ್ಡಿ ಇತ್ತು, ಕಿಸೆಯಿಂದ ತೆಗೆಯಲು ಕೈ ಬರಲಿಲ್ಲ. ಕೊನೆಗೆ ಫಕೀರವ್ವ ಮುಂದೆ ಬಂದು, ಬೊಗಸೆಯಲ್ಲಿ ತುಂಬಿ ಬಾಯಿಗೆ ಹಾಕಿಕೊಂಡಳು. ಬಾಯಲ್ಲಿ ತಿರುಗಿಸಿದಳು. ನುಂಗಿದಳು. ಇನ್ನೊಂದು ಬೊಗಸೆ ಕುಡಿದಳು.

“ಸಿಹಿ ಐತಿ” ಎಂದಳು. “ಹಲ್ಲು ಜುಂ ಅಂತಾವ, ಖರೆ ಸಿಹಿ ಐತಿ.”

ಕನ್ನಡ ಬಾರದ ಊರಿಗೆ ಆ ಮಾತನ್ನು ಯಾರೂ ಅನುವಾದಿಸಬೇಕಾಗಲಿಲ್ಲ. ರಿಗ್ಜಿನ್ ಕುಸಿದ ಗೋಡೆಯ ಕಲ್ಲಿನ ಮೇಲೆ ಕೂತು ಅಳತೊಡಗಿದ. ನಾನೂ ಅತ್ತೆ, ಈ ಸಲ ಗಾಳಿಯ ನೆಪ ಹೇಳಲಿಲ್ಲ.

ಮುಂದಿನ ವಾರ ಅಧಿಕಾರಿ ಬಂದು ಒಂದು ಲೋಟ ಕುಡಿದು, ಇನ್ನೊಂದು ಕೇಳಿದರು. ಸಂಭಾವಿತರು. ಏಳನೆಯ ಕ್ಯಾಂಪಿಗೆ ಸುಮ್‌ಲುಂಗ್ ಹೋಗುವುದಿಲ್ಲ ಎಂದು ಅಲ್ಲೇ ನಿಂತು ಹೇಳಿ ಇಳಿದು ಹೋದರು. ಆ ಕೋಣೆಯ ಸೆಲೆಗೆ ಈಗ ಕಲ್ಲಿನ ಕಟ್ಟೆ ಇದೆ. ಸೆಲೆಯ ಬಾಯಿ ಮತ್ತೆ ಹೆಪ್ಪುಗಟ್ಟದಿರಲಿ ಎಂದು ದಿನಕ್ಕೊಂದು ಮನೆಯವರು ಸರದಿಯಲ್ಲಿ ಅದರ ಸುತ್ತ ಕೆಂಡ ಇಡುತ್ತಾರೆ.

ಬಾಣಂತಿ ಮೊದಲ ಸಲ ಹೊರಗೆ ಬಂದು ಗಂಗೆಪೂಜೆ ಮಾಡುವ ದಿನ ಫಕೀರವ್ವ ಇದ್ದೊಂದು ಹೊಸ ಸೀರೆಯನ್ನು ಯಾಂಗ್ಚೆನ್‌ಗೆ ಉಡಿಸಿದಳು. ಸೆಲೆಗೆ ಅರಿಷಿಣ ಕುಂಕುಮ ಏರಿಸಿ, ಹೊಸ ಕೊಡ ತುಂಬಿ ಅವಳ ಸೊಂಟದ ಮೇಲಿಟ್ಟಳು.

“ಎಲ್ಲಾ ಕಡೆ ಬಾಣಂತಿ ಗಂಗವ್ವನ ಕಡೆ ಹೋಗತಾಳ” ಎಂದು ನನಗೆ ಹೇಳಿದಳು. “ಇಲ್ಲಿ ಗಂಗವ್ವನಽ ಬಾಣಂತಿ ಕೋಣಿಗೆ ಬಂದ್ಳು ನೋಡ್ರಿ.”

ಆ ದಿನವೇ ತೊಟ್ಟಿಲು. ಯಾಕ್ ಕೂದಲಿನ ಹಗ್ಗದಲ್ಲಿ ಕಂಬಳಿ ಕಟ್ಟಿ ತೊಟ್ಟಿಲು ಮಾಡಿದ್ದರು. ಊರ ಲಾಮಾ ಹೆಸರು ಆರಿಸಿ ಕೊಟ್ಟಿದ್ದರು. ಅದನ್ನು ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೇಳುವುದು ಮಾತ್ರ ತನ್ನ ಹಕ್ಕು ಎಂದು ಫಕೀರವ್ವ ಹಟ ಹಿಡಿದಿದ್ದಳು. ಎಲ್ಲರೂ ಸುತ್ತ ಕೂತರು. ಅವಳು ಬಗ್ಗಿ, ಕೈ ಮರೆ ಮಾಡಿ, ಪುಟ್ಟ ಕಿವಿಗೆ ಬಾಯಿ ಹಚ್ಚಿದಳು.

“ಕುರ್ರ್... ನಿನ್ನೂರು ಸುಮ್‌ಲುಂಗ್.”

“ಯವ್ವಾ, ಹೆಸರು ಹೇಳಬೇಕು” ಎಂದು ಯಾಂಗ್ಚೆನ್ ಪಿಸುಗುಟ್ಟಿದಳು.

“ಹೆಸರು ಹೇಳ್ತೀನಿ ತಡಿ” ಎಂದಳು ಫಕೀರವ್ವ, ತಲೆ ಎತ್ತದೆ. “ಮೊದಲ ಊರು ಗಟ್ಟಿ ಆಗ್ಲಿ.” ಮತ್ತೆ ಬಗ್ಗಿ ಅದನ್ನೇ ಇನ್ನೊಮ್ಮೆ ಹೇಳಿದಳು.